ಫಾರ್ಮ್ಯಾಟ್ ಆದ ಕಂಪ್ಯೂಟರಿನಲ್ಲಿ ಕನ್ನಡ ಎಲ್ಲಿ ಹೋಯಿತು?

ಕನ್ಯಾನ, ಅಡ್ಯನಡ್ಕ, ಸಾಲೆತ್ತೂರು ಕಡೆಯ ಮನೆಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಅದರ ಸಿಪಿಯು ಪೆಟ್ಟಿಗೆ ಸ್ಕೂಟರಿನಲ್ಲೋ ಜೀಪಿನಲ್ಲೋ ವಿಟ್ಲ ಪೇಟೆಗೆ ಬರುತ್ತದೆ. ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನ ಹಳ್ಳಿಗಳಲ್ಲೂ ಇದೇ ಕ್ರಮ. ರಿಪೇರಿಯವರು ನೋಡಿ ಹೇಳುವ ಮಾತು ಹೆಚ್ಚಾಗಿ ಒಂದೇ: ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು. ಹಾಕಿಸಿಕೊಂಡು ಬಂದ ದಿನ ಕಂಪ್ಯೂಟರ್ ಚುರುಕಾಗಿಯೇ ಇರುತ್ತದೆ. ದೂರು ಶುರುವಾಗುವುದು ಮರುದಿನ. ಹಾಡು ಹಾಕಿದರೆ ಧ್ವನಿ ಇಲ್ಲ. ಪರದೆಯ ಮೇಲಿನ ಅಕ್ಷರಗಳೆಲ್ಲ ಊದಿಕೊಂಡಂತೆ ದಪ್ಪ. ವೈಫೈ ಹೆಸರೇ ಕಾಣಿಸುವುದಿಲ್ಲ. ಇದೆಲ್ಲಕ್ಕಿಂತ ಗಾಬರಿ ಹುಟ್ಟಿಸುವ ಸಂಗತಿ ಇನ್ನೊಂದಿದೆ. ನೇಮದ ಆಮಂತ್ರಣ, ಅಡಿಕೆ ತೋಟದ ಲೆಕ್ಕ, ಹಿರಿಯರು ಹೇಳಿ ಬರೆಸಿದ ವಂಶಾವಳಿ, ಯಕ್ಷಗಾನ ಪ್ರಸಂಗದ ಪದ್ಯಗಳು, ಹೀಗೆ ಯಾವ ಹಳೆಯ ಕನ್ನಡ ಫೈಲು ತೆರೆದರೂ ಅಲ್ಲಿ ಕನ್ನಡವೇ ಇರುವುದಿಲ್ಲ. ಪುಟದ ತುಂಬ ಅರ್ಥವಾಗದ ಚಿಹ್ನೆಗಳು.

ಫೈಲು ಕೆಟ್ಟುಹೋಯಿತೆಂದು ಹಲವರು ಅದನ್ನು ಅಳಿಸಿಯೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. ಅದರಲ್ಲಿ ಒಂದಕ್ಷರವೂ ಕೆಟ್ಟಿರುವುದಿಲ್ಲ.

ಈ ಮಾತನ್ನು ಈಗ ಒತ್ತಿ ಹೇಳಲು ಕಾರಣವಿದೆ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹೀಗಾಗಿ ವರ್ಷಗಟ್ಟಲೆ ಮುಟ್ಟದೆ ಇದ್ದ ಕಂಪ್ಯೂಟರುಗಳೂ ಈಗ ಮರುಸ್ಥಾಪನೆಗೆ ಬರುತ್ತಿವೆ. ಅವುಗಳ ಹೊಟ್ಟೆಯಲ್ಲಿ ಹತ್ತಿಪ್ಪತ್ತು ವರ್ಷಗಳ ಕನ್ನಡ ಬರವಣಿಗೆ ಇದೆ.

ಏನು ಹೋಯಿತು, ಏನು ಉಳಿಯಿತು

ಮನೆ ಕಂಪ್ಯೂಟರಿನ ಡಿಸ್ಕನ್ನು ಸಾಮಾನ್ಯವಾಗಿ ಸಿ ಮತ್ತು ಡಿ ಎಂದು ಭಾಗ ಮಾಡಿರುತ್ತಾರೆ. ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ. ಫಾರ್ಮ್ಯಾಟ್ ಆಗುವುದೂ ಅದೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಿ ಡ್ರೈವಿನೊಳಗೇ ಇರುವುದರಿಂದ ಪರದೆಯ ಮೇಲೆಯೇ ಫೈಲು ಇಟ್ಟುಕೊಳ್ಳುವ ಅಭ್ಯಾಸದವರಿಗೆ ಪೆಟ್ಟು ಹೆಚ್ಚು.

ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಿದ್ದರೆ ಒಂದು ದಾರಿ ತೆರೆದಿರುತ್ತದೆ. ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇದೆಯೇ ನೋಡಬೇಕು. ಅದರೊಳಗಿನ ‘ಯೂಸರ್ಸ್’ ಫೋಲ್ಡರಿನಲ್ಲಿ ಹಳೆಯ ಡೆಸ್ಕ್‌ಟಾಪ್ ಹಾಗೆಯೇ ಸಿಗುತ್ತದೆ. ತಡ ಮಾಡುವಂತಿಲ್ಲ. ಸುಮಾರು ಹತ್ತು ದಿನಗಳ ಬಳಿಕ ವಿಂಡೋಸ್ ಅದನ್ನು ತಾನಾಗಿಯೇ ಅಳಿಸಿಬಿಡಬಹುದು. ‘ಅನುಮತಿ ಇಲ್ಲ’ ಎಂಬ ಸಂದೇಶ ಬಂದರೆ ಹೆದರಬೇಕಿಲ್ಲ. ಆ ಫೈಲುಗಳು ಹಳೆಯ ಖಾತೆಯ ಹೆಸರಿನಲ್ಲಿರುವುದರಿಂದ ಹೊಸ ಖಾತೆಯನ್ನು ತಡೆಯುತ್ತವೆ. ‘ಕಂಟಿನ್ಯೂ’ ಒತ್ತಿ ಒಪ್ಪಿಗೆ ಕೊಟ್ಟರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತವೆ.

ಫಾರ್ಮ್ಯಾಟ್ ಆಗಿಯೇ ಹೋಗಿದ್ದರೆ ಮಾಡಬೇಕಾದ ಮೊದಲ ಕೆಲಸ ಆ ಡಿಸ್ಕನ್ನು ಬಳಸದೆ ನಿಲ್ಲಿಸುವುದು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ. ತಿರುಗುವ ಹಾರ್ಡ್ ಡಿಸ್ಕ್ ಆದರೆ, ಮೇಲೆ ಬೇರೇನೂ ಬರೆಯದಿದ್ದಷ್ಟು ಕಾಲ, ರಿಕವರಿ ತಂತ್ರಾಂಶದಿಂದ ಸಾಕಷ್ಟು ಮರಳಿ ಪಡೆಯಬಹುದು. ಎಸ್‌ಎಸ್‌ಡಿಯಲ್ಲಿ ಆ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದು ಒಳಗಿಂದೊಳಗೇ ಗುಡಿಸಿ ಖಾಲಿ ಮಾಡುತ್ತದೆ.

ಮೊದಲು ನೆಟ್, ಆಮೇಲೆ ಉಳಿದದ್ದು

ಧ್ವನಿ ಇಲ್ಲ, ಪರದೆ ಸರಿ ಇಲ್ಲ, ವೈಫೈ ಇಲ್ಲ ಎಂಬ ಮೂರಕ್ಕೂ ಬಹುಪಾಲು ಕಾರಣ ಒಂದೇ. ಆಯಾ ಬಿಡಿಭಾಗವನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಹಳೆಯ ವಿಂಡೋಸ್ ಜತೆ ಹೋಗಿದೆ, ಹೊಸದು ಬಂದಿಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದರೆ, ಡ್ರೈವರ್ ಇಲ್ಲದ ಭಾಗಗಳ ಮುಂದೆ ಹಳದಿ ಗುರುತು ಕಾಣುತ್ತದೆ. ಡಿಸ್‌ಪ್ಲೇ ಎಂಬಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಬಂದಿಲ್ಲವೆಂದೇ ಅರ್ಥ. ಅಕ್ಷರ ದಪ್ಪಗೆ ಕಾಣುವುದು ಅದಕ್ಕೇ. ಮಾನಿಟರ್ ಬದಲಿಸುವ ಅಗತ್ಯವಿಲ್ಲ.

ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ವೈಫೈ ಡ್ರೈವರ್ ಬೇಕು. ಈ ಇಕ್ಕಟ್ಟಿಗೆ ಪ್ರತಿ ಮನೆಯಲ್ಲೂ ಪರಿಹಾರವಿದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದಲೇ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಸಾಕು. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಅಡಕವಾಗಿದೆ. ನೆಟ್ ಬಂದೊಡನೆ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಮೊದಲು ಸಾಮಾನ್ಯ ಅಪ್‌ಡೇಟ್, ಬಳಿಕ ‘ಆಪ್ಷನಲ್ ಅಪ್‌ಡೇಟ್ಸ್’ ಎಂಬಲ್ಲಿರುವ ಡ್ರೈವರುಗಳನ್ನು ಹಾಕಿಕೊಳ್ಳಬೇಕು. ಹೆಚ್ಚಿನ ಹಳದಿ ಗುರುತುಗಳು ಇಷ್ಟಕ್ಕೇ ಮಾಯವಾಗುತ್ತವೆ.

ಆಗಲೂ ಒಂದು ಉಳಿದರೆ ಅದರ ಜಾತಕ ತಿಳಿಯಲು ಉಪಾಯವಿದೆ. ಆ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿದರೆ ಒಂದು ಉದ್ದನೆಯ ಸಂಕೇತ ಬರುತ್ತದೆ. ಅದರ ಮೊದಲ ಭಾಗ ತಯಾರಕರ ಗುರುತು. ಅಲ್ಲಿ 8086 ಎಂದಿದ್ದರೆ ಇಂಟೆಲ್. 1978ರಲ್ಲಿ ಆ ಕಂಪನಿ ಹೊರತಂದ ಪ್ರೊಸೆಸರಿನ ಸಂಖ್ಯೆಯೇ ಇಂದಿಗೂ ಅದರ ಗುರುತಾಗಿದೆ. ತಯಾರಕರ ಹೆಸರು ಸಿಕ್ಕ ಮೇಲೆ ಅವರ ಅಧಿಕೃತ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಬೇಕು. ‘ಎಲ್ಲ ಡ್ರೈವರ್ ಉಚಿತ’ ಎಂದು ಜಾಹೀರಾತು ಹಾಕುವ ತಾಣಗಳು ಬೇಡ. ಪುಕ್ಕಟೆಯಾಗಿ ವಿಂಡೋಸ್ ‘ಆಕ್ಟಿವೇಟ್’ ಮಾಡಿಕೊಡುವ ಕಳ್ಳ ತಂತ್ರಾಂಶಗಳಂತೂ ಬೇಡವೇ ಬೇಡ. ಮೊದಲ ಬಾರಿ ಅಸಲಿ ವಿಂಡೋಸ್ ಇದ್ದ ಯಂತ್ರಕ್ಕೆ ಅದರ ಅಗತ್ಯವೂ ಇಲ್ಲ. ವಿಂಡೋಸ್ 10ರಿಂದೀಚೆಗೆ ಪರವಾನಗಿ ಮದರ್‌ಬೋರ್ಡಿಗೆ ತಗಲಿಕೊಂಡಿರುತ್ತದೆ. ಅದೇ ಆವೃತ್ತಿಯನ್ನು, ಎಂದರೆ ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಹಾಕಿದರೆ ನೆಟ್ ಸಿಕ್ಕಿದೊಡನೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ.

ಕೆಲವೊಮ್ಮೆ ನೆಟ್ ಇದ್ದರೂ ಯಾವ ತಾಣವೂ ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಆಗ ಪರದೆಯ ಬಲಮೂಲೆಯ ತಾರೀಕು ನೋಡಬೇಕು. ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ, ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇದೆ. ಕಂಪ್ಯೂಟರ್ ಆಫ್ ಆಗಿದ್ದಾಗ ಗಡಿಯಾರ ನಡೆಸುವುದು ಅದೇ. ಅದು ಮುಗಿದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ಬ್ರೌಸರ್ ಅವನ್ನು ಒಪ್ಪುವುದಿಲ್ಲ. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಟ್ಟೇ ಮಳೆಗಾಲ ಕಳೆಯುವ ಮನೆಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ವಾಚಿನ ಅಂಗಡಿಯಲ್ಲೂ ಸಿಗುವ ಆ ಬ್ಯಾಟರಿ ಬದಲಿಸಿದರೆ ಮುಗಿಯಿತು. ವಿಂಡೋಸ್ ಜತೆ ಲಿನಕ್ಸನ್ನೂ ಹಾಕಿಸಿಕೊಂಡವರಿಗೆ ಗಂಟೆ ಸರಿಯಾಗಿ ಐದೂವರೆ ತಾಸು ಹೆಚ್ಚುಕಡಿಮೆ ತೋರಿಸಿದರೆ ಅದು ಬ್ಯಾಟರಿಯ ದೋಷವಲ್ಲ. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಅದನ್ನೇ ಅಂತಾರಾಷ್ಟ್ರೀಯ ಸಮಯವೆಂದು ಓದುತ್ತದೆ.

ಅಕ್ಷರ ಕಾಣೆಯಾದ ಬಗೆ

ಇನ್ನು ಆ ಕನ್ನಡ ಫೈಲುಗಳ ವಿಷಯ. ಅವು ಡಿ ಡ್ರೈವಿನಲ್ಲಿ ಸುರಕ್ಷಿತವಾಗಿವೆ. ಆದರೆ ಅವನ್ನು ಕನ್ನಡವಾಗಿ ತೋರಿಸುತ್ತಿದ್ದ ಫಾಂಟುಗಳು ಇದ್ದದ್ದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ಫಾರ್ಮ್ಯಾಟಿನಲ್ಲಿ ಅವು ಹೋದವು.

ಫಾಂಟು ಹೋದರೆ ಅಕ್ಷರದ ರೂಪ ಬದಲಾಗಬೇಕು, ಭಾಷೆಯೇ ಏಕೆ ಬದಲಾಗುತ್ತದೆ? ಉತ್ತರ 1990ರ ದಶಕದಲ್ಲಿದೆ. ಆಗಿನ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಅಕ್ಷರಗಳು. ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸಿಟ್ಟು ಫಾಂಟ್ ಮಾಡುವುದು ಅಂದಿನವರು ಕಂಡುಕೊಂಡ ದಾರಿ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದ ‘ನುಡಿ’, ಮುದ್ರಣಾಲಯಗಳ ‘ಶ್ರೀಲಿಪಿ’ ಎಲ್ಲವೂ ಈ ದಾರಿಯಲ್ಲೇ ನಡೆದವು. ಲಕ್ಷಾಂತರ ಪುಟ ಕನ್ನಡ ಹೀಗೆಯೇ ಕಂಪ್ಯೂಟರಿಗೆ ಬಂತು.

‘ಕನ್ನಡ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ನುಡಿಯಲ್ಲಿ ಬರೆದ ಈ ಮಾತು ಫೈಲಿನೊಳಗೆ ಏಳು ಚಿಹ್ನೆಗಳಾಗಿ ಕೂತಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ನುಡಿ ಫಾಂಟು ಇದ್ದಾಗ ಪಿ ಮತ್ತು ಎ ಸೇರಿ ‘ಕ’ ಆಗಿ ಕಾಣುತ್ತದೆ, ಜರ್ಮನ್ ಎಸ್ ಇದ್ದಲ್ಲಿ ‘ನ’ದ ಒತ್ತು ಮೂಡುತ್ತದೆ. ಫಾಂಟು ಇಲ್ಲದಾಗ ಒಳಗಿದ್ದದ್ದು ಇದ್ದ ಹಾಗೆ ಹೊರಗೆ ಕಾಣುತ್ತದೆ. ಪುಟದ ತುಂಬ ಓರೆಗೆರೆಯ ಎ ಮತ್ತು ಪೌಂಡ್ ಗುರುತುಗಳು ಎದ್ದು ಕಂಡರೆ ಅದು ನುಡಿ ಅಥವಾ ಬರಹದ ಫೈಲೆಂದು ಧಾರಾಳವಾಗಿ ಊಹಿಸಬಹುದು.

ಖಚಿತ ಮಾಡಿಕೊಳ್ಳುವುದೂ ಸುಲಭ. ಫೈಲನ್ನು ವರ್ಡ್‌ನಲ್ಲಿ ತೆರೆದು ನಾಲ್ಕು ಸಾಲು ಆಯ್ಕೆ ಮಾಡಿ, ಮೇಲೆ ಫಾಂಟಿನ ಹೆಸರು ತೋರಿಸುವ ಜಾಗ ನೋಡಬೇಕು. ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಅದರ ಹೆಸರು ಫೈಲಿನಲ್ಲಿ ಉಳಿದಿರುತ್ತದೆ. ‘ನುಡಿ 01 ಇ’ ಎಂದೋ ‘ಬಿಆರ್‌ಎಚ್ ಕನ್ನಡ’ ಎಂದೋ ಇದ್ದರೆ ಯಾವುದು ಬೇಕೆಂದು ಗೊತ್ತಾಯಿತು. ಆ ತಂತ್ರಾಂಶವನ್ನು ಮೂಲ ತಾಣದಿಂದ ಇಳಿಸಿ ಹಾಕಿದರೆ ಪುಟ ಮತ್ತೆ ಕನ್ನಡವಾಗುತ್ತದೆ. ನುಡಿ, ಬರಹ ಎರಡರ ಸಂಕೇತಗಳೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಒಂದರ ಫೈಲು ಇನ್ನೊಂದರ ಫಾಂಟಿನಲ್ಲಿ ಓದಲು ಬರುತ್ತದೆ. ಶ್ರೀಲಿಪಿಯದು ಬೇರೆ ಲೆಕ್ಕ, ಅದಕ್ಕೆ ಅದರದೇ ಫಾಂಟು ಬೇಕು.

ಫಾಂಟಿನ ಹೆಸರು ‘ತುಂಗಾ’ ಎಂದಿದ್ದರೆ ತೊಂದರೆ ಇನ್ನೂ ಚಿಕ್ಕದು. ಅದು ಯೂನಿಕೋಡ್ ಫಾಂಟು, ಆದ್ದರಿಂದ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ತುಂಗಾವನ್ನು ಐಚ್ಛಿಕ ಪಟ್ಟಿಗೆ ಸರಿಸಿ ‘ನಿರ್ಮಲಾ’ ಫಾಂಟನ್ನು ಮುಂದಿಟ್ಟಿದೆ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ತುಂಗಾ ಇಲ್ಲದಿದ್ದರೆ ಅದರ ಬದಲು ನಿರ್ಮಲಾ ಬಂದು ಕೂತು, ಒಂದು ಪುಟಕ್ಕೆ ಅಳೆದು ಜೋಡಿಸಿದ ಆಮಂತ್ರಣ ಎರಡನೇ ಪುಟಕ್ಕೆ ಚೆಲ್ಲುತ್ತದೆ. ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ ಒಳಗೆ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕಿಕೊಂಡರೆ ಸಾಲುಗಳು ಮೊದಲಿನಂತೆ ಕೂರುತ್ತವೆ.

‘ವಿಟ್ಲ’ ಬರೆಯಲು ಹೊರಟರೆ

ಓದುವುದು ಸರಿಯಾದ ಮೇಲೆ ಬರೆಯುವ ತೊಡಕು ಎದುರಾಗುತ್ತದೆ. ಕರಾವಳಿಯಲ್ಲಿ ಕನ್ನಡ ಟೈಪಿಂಗ್ ಕಲಿತವರಲ್ಲಿ ಬಹಳ ಮಂದಿಯ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಮಂಗಳೂರು ಬಳಿಯ ಕಿನ್ನಿಕಂಬಳದ ಪದ್ಮನಾಭ ರಾವ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮೋನೋಟೈಪ್ ಕಂಪನಿಯಲ್ಲೂ ದುಡಿದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ದಕ್ಷಿಣ ಕನ್ನಡದವರೇ ಆದ, ಛಂದಸ್ಸು ಮತ್ತು ಭಾಷಾವಿಚಾರಗಳ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರಿಗೆ ಸಲ್ಲಿಸಿದ ಗೌರವ ಅದು. ತಮ್ಮ ವಿನ್ಯಾಸವನ್ನು ರಾವ್ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ನುಡಿಯ ಕೀಲಿಮಣೆಗೂ ಅದೇ ಆಧಾರ.

ಹೊಸ ವಿಂಡೋಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೆ ಅದರೊಂದಿಗೆ ಬರುವ ‘ಕನ್ನಡ’ ಕೀಲಿಮಣೆ ಇದಲ್ಲ, ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದಲ್ಲಿ ಮಾಡಿದ ಇನ್‌ಸ್ಕ್ರಿಪ್ಟ್. ವ್ಯತ್ಯಾಸ ಎಷ್ಟೆಂದು ಒಂದು ಊರಿನ ಹೆಸರಿನಲ್ಲೇ ನೋಡಬಹುದು. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ವಿಟ್ಲ’ ಬರೆಯಲು ಒತ್ತುವುದು ಐದು ಕೀಲಿ: ವಿ, ಐ, ಕ್ಯೂ, ಎಫ್, ಎಲ್. ಕ್ಯೂ ಎಂದರೆ ಟ, ಎಫ್ ಎಂದರೆ ಒತ್ತಕ್ಷರಕ್ಕೆ ಕೊಂಡಿ. ಇನ್‌ಸ್ಕ್ರಿಪ್ಟ್ ಇರುವಾಗ ಅವೇ ಐದು ಕೀಲಿ ಒತ್ತಿದರೆ ಬರುವುದು ನ, ಗ, ಔತ್ವ, ಗುಡಿಸು, ತ. ಟೈಪ್ ಮಾಡುವವರು ಕೀಲಿಮಣೆ ಕೆಟ್ಟಿದೆ ಎಂದು ತಿಳಿಯುವುದು ಸಹಜ, ಆದರೆ ಕೆಟ್ಟದ್ದೇನೂ ಇಲ್ಲ. ನುಡಿ ಅಥವಾ ಬರಹ ಹಾಕಿಕೊಂಡು ಅದರಲ್ಲಿ ತಮ್ಮ ವಿನ್ಯಾಸ ಆರಿಸಿದರೆ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಕ್ಕೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಹಾಕಿಸಿದವರಿಗೆ ಅದೂ ಬೇಡ. ಅಲ್ಲಿ ‘ಕನ್ನಡ (ಕಗಪ)’ ಎಂಬ ಹೆಸರಿನಲ್ಲಿ ಈ ವಿನ್ಯಾಸ ಮೊದಲೇ ಇದೆ. ಕನ್ನಡಿಗರೇ ಸೇರಿ ಸಿದ್ಧಪಡಿಸಿದ ‘ಗುಬ್ಬಿ’, ‘ನವಿಲು’ ಫಾಂಟುಗಳೂ ಉಚಿತವಾಗಿ ಸಿಗುತ್ತವೆ.

ಯಂತ್ರವೇ ಸೋತಿದ್ದರೆ

ಮರುಸ್ಥಾಪನೆ ಒಂದು ಪರೀಕ್ಷೆಯೂ ಹೌದು. ಹೊಸ ವಿಂಡೋಸ್, ಸರಿಯಾದ ಡ್ರೈವರ್ ಎರಡೂ ಬಂದ ಮೇಲೂ ನೀಲಿ ಪರದೆ ಬಂದು ನಿಲ್ಲುತ್ತಿದ್ದರೆ ತಪ್ಪು ವಿಂಡೋಸ್‌ನದಲ್ಲ. ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿಸುವುದು ಹಣ ಪೋಲು. ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಎಂದು ಹುಡುಕಿ ನಡೆಸಿದರೆ ಕಂಪ್ಯೂಟರ್ ಮತ್ತೆ ಶುರುವಾಗಿ ರ‍್ಯಾಮನ್ನು ತಾನೇ ಪರೀಕ್ಷಿಸುತ್ತದೆ. ಕರಾವಳಿಯ ತೇವಕ್ಕೆ ರ‍್ಯಾಮಿನ ಹಲ್ಲುಗಳು ಮಂಕಾಗುವುದುಂಟು. ಪ್ಲಗ್ ತೆಗೆದು, ರ‍್ಯಾಮನ್ನು ಬಿಡಿಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಒರೆಸಿ ಕೂರಿಸುವುದು ರಿಪೇರಿಯವರು ಮೊದಲು ಮಾಡುವ ಕೆಲಸ. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಬೇರೆಲ್ಲ ಬಿಟ್ಟು ಫೈಲುಗಳನ್ನು ಹೊರತೆಗೆಯಬೇಕು.

ಮೊದಲ ಒಂದು ದಿನ ಕಂಪ್ಯೂಟರ್ ನಿಧಾನವಾಗಿದ್ದರೆ ಮಾತ್ರ ಚಿಂತೆ ಬೇಡ. ಅಪ್‌ಡೇಟ್ ಇಳಿಯುವುದು, ಫೈಲುಗಳ ಪಟ್ಟಿ ಆಗುವುದು ಒಳಗೆ ನಡೆದಿರುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋದರೆ ವಿಂಡೋಸ್ ಅರ್ಧಕ್ಕೇ ಮುರಿಯಬಹುದು. ಜೂನ್, ಜುಲೈ ಗಾಳಿಮಳೆಯಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಸರಿಯಲ್ಲ.

ವಿಂಡೋಸ್ 11ಕ್ಕೆ ಹೋದವರು ಇನ್ನೊಂದನ್ನು ಗಮನಿಸಬೇಕು. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದಾಗ ಅದು ಡಿಸ್ಕಿಗೆ ತಾನೇ ಬೀಗ ಹಾಕುವುದುಂಟು. ಮುಂದೆಂದಾದರೂ ಕಂಪ್ಯೂಟರ್ 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಿದಾಗ ಅದು ಸಿಗುವುದು ಆ ಖಾತೆಯಲ್ಲಿ ಮಾತ್ರ. ಅಂಗಡಿಯಲ್ಲಿ ಯಾರ ಇಮೇಲ್ ಹಾಕಿ ಖಾತೆ ತೆರೆದರು ಎಂದು ಆ ದಿನವೇ ಕೇಳಿ ತಿಳಿದುಕೊಂಡು, ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು.

ಇನ್ನೊಂದು ಫಾರ್ಮ್ಯಾಟ್ ಬರುವ ಮೊದಲು

ಫಾಂಟು ಹಾಕಿ ಹಳೆಯ ಫೈಲು ಓದಿಕೊಂಡರೆ ಇವತ್ತಿನ ಕೆಲಸ ಆಯಿತು. ಮುಂದಿನ ಬಾರಿ ಮತ್ತೆ ಅದೇ ಪಾಡು. ಶಾಶ್ವತ ಪರಿಹಾರ ಆ ಬರವಣಿಗೆಯನ್ನು ಯೂನಿಕೋಡಿಗೆ ಬದಲಿಸುವುದೊಂದೇ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ 128 ಸ್ವಂತ ಜಾಗ ಕೊಟ್ಟಿದೆ. ಅಲ್ಲಿ ‘ಕ’ದ ಸಂಖ್ಯೆ 3221. ಆ ಸಂಖ್ಯೆ ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಫೋನಿನಲ್ಲೂ ‘ಕ’ ಬಿಟ್ಟು ಬೇರೆ ಆಗುವುದಿಲ್ಲ, ಯಾವ ಫಾಂಟು ಹೋದರೂ ಇನ್ನೊಂದು ಕನ್ನಡ ಫಾಂಟು ಅದನ್ನು ತೋರಿಸುತ್ತದೆ.

ಬರಹ, ನುಡಿ ತಂತ್ರಾಂಶಗಳಲ್ಲೇ ಇದಕ್ಕೆ ಪರಿವರ್ತಕಗಳಿವೆ, ನೆಟ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ್ದನ್ನು ಒಮ್ಮೆ ಕಣ್ಣಿಟ್ಟು ಓದಲೇಬೇಕು. ಮೂಲದಲ್ಲಿದ್ದ ಇಂಗ್ಲಿಷ್ ಪದಗಳನ್ನೂ ಕನ್ನಡದ ತುಂಡುಗಳೆಂದು ತಿಳಿದು ಪರಿವರ್ತಕ ಗೋಜಲು ಮಾಡುತ್ತದೆ. ಅರ್ಕಾವೊತ್ತು ಇರುವ ಪದಗಳಲ್ಲಿ, ಅಂಕಿಗಳಲ್ಲಿ ತಪ್ಪು ನುಸುಳುತ್ತದೆ. ಕೋಷ್ಟಕಗಳು ಚದುರಬಹುದು. ಆದ್ದರಿಂದ ಮೂಲ ಫೈಲನ್ನು ಅಳಿಸದೆ ಪಕ್ಕದಲ್ಲೇ ಇಡಬೇಕು.

ವಂಶಾವಳಿ, ಪ್ರಸಂಗ, ಹಿರಿಯರ ನೆನಪು, ಊರ ದೇವಸ್ಥಾನದ ಇತಿಹಾಸ ಇವೆಲ್ಲ ಬೇರೆಲ್ಲೂ ಸಿಗದ ಬರವಣಿಗೆ. ಅವನ್ನು ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದವರು, ಯಾವ ಪದ ಹೇಗಿರಬೇಕೆಂದು ಬಲ್ಲವರು ಇನ್ನೂ ಮನೆಯಲ್ಲಿದ್ದಾರೆ. ತಿದ್ದಿಸಿಕೊಳ್ಳಲು ಇದೇ ಸಮಯ. ನಿಮ್ಮ ಕಂಪ್ಯೂಟರ್ ವಿಟ್ಲ ಪೇಟೆಗೆ ಹೊರಡುವ ಮೊದಲು ಡೆಸ್ಕ್‌ಟಾಪಿನಲ್ಲಿರುವುದನ್ನೆಲ್ಲ ಪೆನ್‌ಡ್ರೈವಿಗೂ ಇನ್ನೊಂದು ಡಿಸ್ಕಿಗೂ ನಕಲು ಮಾಡಿ. ಮರಳಿ ಬಂದ ಮೇಲೆ ವಾರಕ್ಕೊಂದು ಹಳೆಯ ಫೈಲನ್ನಾದರೂ ಯೂನಿಕೋಡಿಗೆ ತನ್ನಿ. ಓದಲಾಗದ ಫೈಲು ಕಂಡರೆ ಅಳಿಸಬೇಡಿ.